ಮಳೆನಾಡಿನ ಅಡುಗೆ ಕಟ್ಟೆಗೆ ವಿನೈಲ್ ಹಾಳೆ

ಕೊಡಗಿನಲ್ಲಿ ಅಡುಗೆ ಕಟ್ಟೆಗೆ ವಿನೈಲ್ ಹಾಳೆ ಅಂಟಿಸುವ ಯೋಚನೆ ಇರುವವರು ಆ ಕೆಲಸವನ್ನು ಫೆಬ್ರವರಿಯ ಮಧ್ಯದಿಂದ ಏಪ್ರಿಲ್ ಆರಂಭದೊಳಗೆ ಮುಗಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೊಬಸ್ಟಾ ಕಾಫಿ ಕಣದಲ್ಲಿ ಒಣಗುವ ದಿನಗಳಲ್ಲೇ ನಮ್ಮ ಮನೆಗಳ ಗೋಡೆ, ನೆಲ, ಕಟ್ಟೆಗಳೂ ಒಣಗುತ್ತವೆ. ನಡುವೆ ಒಂದು ಹೂಮಳೆ ಬಂದರೂ ಎರಡು ದಿನದ ಬಿಸಿಲಿಗೆ ಎಲ್ಲವೂ ಮೊದಲಿನಂತಾಗುತ್ತದೆ. ಜೂನ್ ಬಂದ ಮೇಲೆ ಹಾಗಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ, ಅದಕ್ಕಿಂತಲೂ ಜೋರಾಗಿ ಹೊಡೆಯುವ ಭಾಗಮಂಡಲ ಸೀಮೆಯಲ್ಲಿ, ಜುಲೈ ತಿಂಗಳಿನ ಗಾಳಿಯ ತೇವಾಂಶ ಎಷ್ಟೋ ದಿನ ಶೇಕಡಾ 90ನ್ನು ದಾಟಿಯೇ ಇರುತ್ತದೆ. ಆ ತಿಂಗಳಲ್ಲಿ ಒಣಬಟ್ಟೆಯಿಂದ ಒರೆಸಿದ ಸಿಮೆಂಟ್ ಕಟ್ಟೆ ಕೈಗೆ ಒಣಗಿದಂತೆ ತೋರಿದರೂ ಒಳಗೆ ನೀರು ಹಿಡಿದುಕೊಂಡೇ ಇರುತ್ತದೆ. ಡಿಸೆಂಬರ್, ಜನವರಿಯ ಬೆಳಗುಗಳೂ ಈ ಕೆಲಸಕ್ಕೆ ಒಳ್ಳೆಯವಲ್ಲ, ಏಕೆಂದರೆ ಹತ್ತು ಹನ್ನೆರಡು ಡಿಗ್ರಿಯ ಚಳಿಯಲ್ಲಿ ವಿನೈಲ್ ಬಿಗಿದುಕೊಂಡು ಬಾಗುವುದಿಲ್ಲ, ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹದಿನೈದರಿಂದ ಮೂವತ್ತು ಡಿಗ್ರಿಯ ನಡುವಿನ ಹವೆ ಇದಕ್ಕೆ ಸೂಕ್ತ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆಯಾದ್ದರಿಂದ ಅಲ್ಲಿಯವರಿಗೆ ಇನ್ನಷ್ಟು ತಿಂಗಳುಗಳ ಅವಕಾಶವಿದೆ.

ಹಳೆಯ ಕಟ್ಟೆಯನ್ನು ಒಡೆದು ಗ್ರಾನೈಟ್ ಹಾಕಿಸುವುದನ್ನು ಬಿಟ್ಟು ಹಾಳೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮದು ಮಾವನವರು ಕಟ್ಟಿಸಿದ ಮನೆ. ಅಡುಗೆ ಕೋಣೆಯಲ್ಲಿ ಗಾರೆಯ ಮೇಲೆ ಕೆಂಪು ಆಕ್ಸೈಡ್ ಬಳಿದು ನುಣುಪು ಮಾಡಿದ ಕಟ್ಟೆ ಒಂದು ಕಡೆ, ಆಮೇಲೆ ಸೇರಿಸಿದ ಕಡಪ ಕಲ್ಲಿನ ಕಟ್ಟೆ ಇನ್ನೊಂದು ಕಡೆ. ಆಕ್ಸೈಡಿನ ಬಣ್ಣ ಅಲ್ಲಲ್ಲಿ ಮಾಸಿ, ಕೂದಲಿನಂಥ ಬಿರುಕು ಬಿಟ್ಟಿತ್ತು. ಅದನ್ನು ಒಡೆಯುವುದೆಂದರೆ ಸಿಂಕು ಕಳಚಬೇಕು, ನೀರಿನ ಪೈಪು ಬಿಚ್ಚಬೇಕು, ಹಿಂದಿನ ಗೋಡೆಯ ಟೈಲ್ಸಿನ ಕೆಳಸಾಲು ಕೀಳಬೇಕು, ವಾರಗಟ್ಟಲೆ ಅಡುಗೆಗೆ ಬೇರೆ ಜಾಗ ನೋಡಬೇಕು. ಕಾಫಿ ಕೆಲಸದ ನಡುವೆ ಗಾರೆಯವರು ಸಿಗುವುದೂ ಕಷ್ಟ. ಬಾಡಿಗೆ ಮನೆಯಲ್ಲಿ ಇರುವವರಿಗೆ, ಹೋಂಸ್ಟೇಯ ಕೋಣೆಗಳಲ್ಲಿ ಸಣ್ಣ ಚಹಾ ಕಟ್ಟೆ ಇಟ್ಟುಕೊಂಡವರಿಗೆ ಒಡೆಯುವ ಮಾತೇ ಬರುವುದಿಲ್ಲ. ಅಂಥವರಿಗೆಲ್ಲ ಹಾಳೆ ಒಳ್ಳೆಯ ಉಪಾಯ. ಅದನ್ನು ಕಲ್ಲಿಗೆ ಸಮ ಎಂದು ನಾನು ಹೇಳುವುದಿಲ್ಲ. ಕೆಲವು ವರ್ಷ ಬಾಳಿ, ಬೇಕಾದಾಗ ಕಿತ್ತು ಹೊಸದನ್ನು ಹಾಕಿಕೊಳ್ಳುವ ಹೊದಿಕೆ ಅದು. ಆ ಕೆಲವು ವರ್ಷ ಬಾಳುವುದೋ ಮೊದಲ ಮಳೆಗಾಲಕ್ಕೇ ಏಳುವುದೋ ಎಂಬುದು ಅಂಟಿಸುವ ಮೊದಲು ಮಾಡುವ ತಯಾರಿಯಲ್ಲಿ ನಿರ್ಧಾರವಾಗುತ್ತದೆ.

ಹಾಳೆ ಎಂದರೆ ಏನು ಎಂದು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭ. ವಿನೈಲ್ ಎಂದರೆ ಪಿವಿಸಿ ಎಂಬ ಪ್ಲಾಸ್ಟಿಕ್, ಅದು ತಾನಾಗಿ ಪೈಪಿನಂತೆ ಗಟ್ಟಿಯಾದದ್ದು. 1926ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಾಲ್ಡೋ ಸೀಮನ್ ಅದಕ್ಕೆ ಪ್ಲಾಸ್ಟಿಸೈಜರ್ ಎನ್ನುವ ಮೆದುಗೊಳಿಸುವ ದ್ರವ ಬೆರೆಸಿ ಬಾಗುವಂತೆ ಮಾಡಿದ ಮೇಲೆ ರೈನ್‌ಕೋಟಿನಿಂದ ಹಿಡಿದು ಈ ಹಾಳೆಯವರೆಗೆ ಎಲ್ಲವೂ ಸಾಧ್ಯವಾಯಿತು. ಹಾಳೆಯ ಕೆಳಭಾಗದಲ್ಲಿ ಒತ್ತಿದರೆ ಹಿಡಿಯುವ ಅಂಟು ಇರುತ್ತದೆ. ಈ ಅಂಟು ಫೆವಿಕಾಲಿನಂತೆ ಒಣಗಿ ಗಟ್ಟಿಯಾಗುವಂಥದ್ದಲ್ಲ. ಒತ್ತಡಕ್ಕೆ ನಿಧಾನವಾಗಿ ಹರಿದು ಮೇಲ್ಮೈಯ ಸಣ್ಣ ಸಣ್ಣ ಏರುತಗ್ಗುಗಳಲ್ಲಿ ಕುಳಿತುಕೊಳ್ಳುತ್ತದೆ. ಹಾಗಾಗಿ ಅಂಟಿಸಿದ ಗಳಿಗೆಯಲ್ಲಿ ಇರುವ ಹಿಡಿತಕ್ಕಿಂತ ಒಂದೆರಡು ದಿನದ ನಂತರದ ಹಿಡಿತ ಬಹಳ ಹೆಚ್ಚು. ಕಟ್ಟೆಯ ಮೇಲೆ ಧೂಳಿದ್ದರೆ ಅಂಟು ಧೂಳನ್ನು ಹಿಡಿಯುತ್ತದೆಯೇ ಹೊರತು ಕಟ್ಟೆಯನ್ನು ಹಿಡಿಯುವುದಿಲ್ಲ. ಎಣ್ಣೆ, ಮೇಣ, ನೀರು ಇದ್ದರೂ ಅಷ್ಟೇ.

ಹಾಳೆಯನ್ನು ತಯಾರಿಸುವ ಬಗೆ ಎರಡು. ಬಿಸಿ ಉರುಳೆಗಳ ನಡುವೆ ಒತ್ತಿ, ಎಳೆದು ಮಾಡಿದ್ದನ್ನು ಕ್ಯಾಲೆಂಡರ್ಡ್ ಎನ್ನುತ್ತಾರೆ. ದ್ರವರೂಪದಲ್ಲಿ ತೆಳ್ಳಗೆ ಹರಡಿ ಕಾಯಿಸಿ ಮಾಡಿದ್ದು ಕಾಸ್ಟ್ ವಿನೈಲ್. ಮೊದಲನೆಯದರಲ್ಲಿ ಎಳೆದ ಒತ್ತಡ ಒಳಗೇ ಉಳಿದಿರುವುದರಿಂದ ಅದು ಕಾಲಕ್ರಮೇಣ ಸ್ವಲ್ಪ ಕುಗ್ಗುತ್ತದೆ, ಅಂಚಿನಿಂದ ಹಿಂದೆ ಸರಿಯುತ್ತದೆ. ಎರಡನೆಯದು ಕುಗ್ಗುವುದು ತೀರಾ ಕಡಿಮೆ, ಬಳುಕುವುದು ಹೆಚ್ಚು, ಬೆಲೆಯೂ ಹೆಚ್ಚು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಮೃತಶಿಲೆ ಚಿತ್ರದ ಸುರುಳಿಗಳೆಲ್ಲ ಬಹುತೇಕ ಮೊದಲನೆಯ ಬಗೆಯವು, ಅವುಗಳಲ್ಲೂ ಕೆಲವು ತೀರಾ ತೆಳು. ಒಲೆಯ ಹಿಂದಿನ ಗೋಡೆಗೆಂದು ಮಾರುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ಬೇರೆಯೇ ವಸ್ತು. ಪಾತ್ರೆ ಎಳೆದಾಡುವ ಕಟ್ಟೆಯ ಮೇಲೆ ಅದು ಬಾಳುವುದಿಲ್ಲ.

ಅಗಲದ ವಿಚಾರವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಕಟ್ಟೆಗಳು ಸಾಮಾನ್ಯವಾಗಿ ಎರಡು ಅಡಿ ಅಗಲ, ಅಂದರೆ ಸುಮಾರು 61 ಸೆಂಟಿಮೀಟರ್. ಮಾರುಕಟ್ಟೆಯ ಸುರುಳಿಗಳು ಹೆಚ್ಚಾಗಿ 60 ಸೆಂಟಿಮೀಟರಿನವು. ಮುಂದಿನ ಅಂಚಿನ ದಪ್ಪ ಒಂದೂವರೆ ಅಂಗುಲ, ಅದರ ಕೆಳಗೆ ಮಡಚಲು ಇನ್ನೊಂದು ಅಂಗುಲ, ಹಿಂದಿನ ಗೋಡೆಗೆ ತಾಗಿ ಕತ್ತರಿಸಲು ಅರ್ಧ ಅಂಗುಲ ಸೇರಿಸಿದರೆ ಎರಡು ಅಡಿಯ ಕಟ್ಟೆಗೆ ಬೇಕಾದದ್ದು 70 ಸೆಂಟಿಮೀಟರಿನಷ್ಟು. ಹತ್ತು ಸೆಂಟಿಮೀಟರ್ ಕೊರತೆ ಬಿದ್ದು ಕಟ್ಟೆಯ ಉದ್ದಕ್ಕೂ ಒಂದು ಜೋಡಣೆ ಬರುತ್ತದೆ, ಅದೂ ನೀರು ಹರಿಯುವ ಮುಂದಿನ ಅಂಚಿನ ಬಳಿಯೇ. ಹೀಗಾಗಿ ನಾನು ಸುರುಳಿಯನ್ನು ತರಿಸುವ ಬದಲು, ಗಾಡಿಗಳ ನಂಬರ್ ಪ್ಲೇಟು ಮತ್ತು ಅಂಗಡಿಗಳ ಬೋರ್ಡು ಮಾಡುವ ರೇಡಿಯಂ ಸ್ಟಿಕರ್ ಅಂಗಡಿಗೆ ಹೋಗುವುದೇ ಮೇಲೆಂದು ಹೇಳುತ್ತೇನೆ. ಅವರಲ್ಲಿ ನಾಲ್ಕು ಅಡಿ ಅಗಲದ ಸುರುಳಿ ಇರುತ್ತದೆ, ಬೇಕಾದಷ್ಟು ಉದ್ದ ಕತ್ತರಿಸಿ ಕೊಡುತ್ತಾರೆ, ಕಾರಿಗೆ ಸುತ್ತುವ ಕಾಸ್ಟ್ ಹಾಳೆಯನ್ನೂ ಹೇಳಿದರೆ ತರಿಸಿಕೊಡುತ್ತಾರೆ. ನಾನು ಕೊಂಡುಕೊಂಡ ಅಂಗಡಿಯ ಹುಡುಗ ಹಾಳೆಯ ತುಂಡೊಂದನ್ನು ಕೈಗಿಟ್ಟು, “ಅಕ್ಕ, ಮಳೆಗೂ ಬಿಸಿಲಿಗೂ ಇದಕ್ಕೆ ಏನೂ ಆಗುವುದಿಲ್ಲ, ಆದರೆ ಅಂಚು ಬಿಟ್ಟರೆ ಇಡೀ ಹಾಳೆ ಹೋಯಿತು ಎಂದೇ ಲೆಕ್ಕ” ಎಂದ. ಹತ್ತಾರು ಬೈಕುಗಳ ಟ್ಯಾಂಕಿಗೆ ಹಾಳೆ ಹಾಕಿದವನ ಮಾತು ಅದು, ಸಂಪೂರ್ಣ ನಿಜ.

ಇನ್ನು ಕಟ್ಟೆ. ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ಹಾಳೆ ಚೆನ್ನಾಗಿ ಕೂರುತ್ತದೆ. ಕಡಪ ಕಲ್ಲು ಪಾಲಿಶ್ ಆಗಿದ್ದರೆ ಅದೂ ಸರಿ. ಪದರ ಏಳುತ್ತಿದ್ದರೆ ಮೊದಲು ಉಪ್ಪು ಕಾಗದದಿಂದ ಉಜ್ಜಿ ಸಡಿಲವಾದದ್ದನ್ನೆಲ್ಲ ತೆಗೆಯಬೇಕು. ಟೈಲ್ಸ್ ಹಾಕಿದ ಕಟ್ಟೆಯ ಮೇಲೆ ನೇರವಾಗಿ ಅಂಟಿಸಿದರೆ ಸಂದುಗಳ ಗೆರೆಗಳು ಕೆಲವೇ ದಿನಗಳಲ್ಲಿ ಹಾಳೆಯ ಮೇಲೆ ಮೂಡುತ್ತವೆ, ಆದ್ದರಿಂದ ಸಂದುಗಳನ್ನು ಮೊದಲು ತುಂಬಿ ಸಮ ಮಾಡಬೇಕು. ಗೋಡೆಗೆ ಹಚ್ಚುವ ಬಿಳಿ ಪುಟ್ಟಿ ಇದಕ್ಕೆ ಬೇಡ, ನೀರು ತಾಗಿದರೆ ಅದು ಮೆತ್ತಗಾಗಿ ಪುಡಿಯಾಗುತ್ತದೆ. ಎರಡು ಉಂಡೆಗಳನ್ನು ಬೆರೆಸಿ ನಾದುವ ಎಪಾಕ್ಸಿ ಪುಟ್ಟಿಯೇ ಬೇಕು. ಕೆಂಪು ಆಕ್ಸೈಡಿನ ಕಟ್ಟೆಯ ತೊಂದರೆಯೇ ಬೇರೆ: ಹೊಳಪಿಗಾಗಿ ವರ್ಷಗಟ್ಟಲೆ ತಿಕ್ಕಿದ ಮೇಣ, ಕೆಲವು ಮನೆಗಳಲ್ಲಿ ತೆಂಗಿನ ಎಣ್ಣೆ, ಅದರ ಮೈಯೊಳಗೆ ಇಳಿದಿರುತ್ತದೆ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಸೋಪಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಮೇಣ ಇನ್ನೂ ಇದೆ ಎಂದು ಅರ್ಥ. ಹರಡಿಕೊಂಡರೆ ಮುಂದುವರಿಯಬಹುದು.

ಬರಿಯ ಸಿಮೆಂಟಿನ ಕಟ್ಟೆಯೇ ಎಲ್ಲಕ್ಕಿಂತ ಕಷ್ಟದ್ದು, ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಅದೇ. ಹಿಂದಿನ ಗೋಡೆಗೆ ಹೊರಗಿನಿಂದ ಮಳೆ ಬಡಿಯುತ್ತಿದ್ದರೆ ಗೋಡೆಯ ಒದ್ದೆ ಕಟ್ಟೆಯೊಳಕ್ಕೆ ಹರಿದು ಬರುತ್ತದೆ. ಮೇಲೆ ವಿನೈಲ್ ಮುಚ್ಚಿದ ಮೇಲೆ ಆ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಅದು ಅಂಟಿನ ಕೆಳಗೆ ಸೇರಿ ಹಿಡಿತವನ್ನು ಬಿಡಿಸುತ್ತದೆ, ಸಿಮೆಂಟಿನ ಉಪ್ಪನ್ನು ಬಿಳಿ ಪುಡಿಯಾಗಿ ಹೊರಹಾಕುತ್ತದೆ, ಬೂಷ್ಟು ಬೆಳೆಸುತ್ತದೆ. ಮಡಿಕೇರಿಯ ಒಂದು ಬಾಡಿಗೆ ಮನೆಯಲ್ಲಿ ಸೆಪ್ಟೆಂಬರಿನಲ್ಲಿ ಇಂಥ ಹಾಳೆಯನ್ನು ಕಿತ್ತದ್ದನ್ನು ನಾನು ನಿಂತು ನೋಡಿದ್ದೇನೆ. ಮೇಲಿನಿಂದ ಬಿಳಿ ಅಮೃತಶಿಲೆಯ ಚಿತ್ರ ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಮೂಲೆ ಹಿಡಿದು ಎತ್ತಿದಾಗ ಕೆಳಭಾಗವೆಲ್ಲ ಕಪ್ಪು, ಬೂದು, ಹಸಿರಿನ ಚುಕ್ಕೆಗಳಿಂದ ತುಂಬಿತ್ತು. ಅಂಟು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು. ಗೋಡೆಯ ಕಡೆ ಒಂದು ಗೇಣು ಅಗಲದಷ್ಟು ಜಾಗದಲ್ಲಿ ಒರೆಸಬಹುದಾದಷ್ಟು ನೀರೇ ನಿಂತಿತ್ತು. ಹಾಳೆಯಲ್ಲಿ ಯಾವ ದೋಷವೂ ಇರಲಿಲ್ಲ.

ಈ ಒದ್ದೆಯನ್ನು ಮುಂಚಿತವಾಗಿ ಕಂಡುಹಿಡಿಯಲು ಕಾಂಕ್ರೀಟ್ ನೆಲಕ್ಕೆ ಬಣ್ಣ ಬಳಿಯುವವರು ಮಾಡುವ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟೆಯ ಮೇಲೆ ಹರಡಿ, ನಾಲ್ಕೂ ಬದಿಗೆ ಗಾಳಿ ಆಡದಂತೆ ಟೇಪು ಹಚ್ಚಿ, ಕನಿಷ್ಠ 16 ಗಂಟೆ ಹಾಗೇ ಬಿಡಬೇಕು. ತೆಗೆಯುವಾಗ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಲ್ಲಿನ ಸಿಮೆಂಟು ಸುತ್ತಲಿಗಿಂತ ಗಾಢವಾಗಿದ್ದರೆ ಕಟ್ಟೆ ಇನ್ನೂ ನೀರು ಬಿಡುತ್ತಿದೆ. ಇದನ್ನು ಗೋಡೆಯ ಹತ್ತಿರವೂ ಸಿಂಕಿನ ಹತ್ತಿರವೂ ಬೇರೆ ಬೇರೆಯಾಗಿ ಮಾಡಿ ನೋಡುವುದು ಒಳ್ಳೆಯದು. ಒಣ ತಿಂಗಳಲ್ಲಿ ಒದ್ದೆ ತೋರದ ಕಟ್ಟೆಗೂ ಎಪಾಕ್ಸಿ ಪ್ರೈಮರ್ ಒಂದು ಕೋಟು ಬಳಿದು, ಅದು ಪೂರ್ತಿ ಗಟ್ಟಿಯಾಗಲು ವಾರ ಕಾಲ ಕೊಡಬೇಕೆಂದು ನನ್ನ ಸಲಹೆ. ಬಣ್ಣ ಮುಟ್ಟಲು ಒಣಗಿದಂತಿದ್ದರೂ ಒಳಗಿನ ದ್ರಾವಕದ ಆವಿ ಹೊರಬರಲು ದಿನಗಳು ಬೇಕು. ಆತುರಪಟ್ಟು ಹಾಳೆ ಹಚ್ಚಿದರೆ ಆ ಆವಿಯೇ ಗುಳ್ಳೆಗಳಾಗಿ ಏಳುತ್ತದೆ. ಒಣ ತಿಂಗಳಲ್ಲೇ ಹನಿ ಕಟ್ಟುವ ಕಟ್ಟೆಗೆ ಹಾಳೆ ಹಾಕಲೇಬಾರದು. ಮೊದಲು ಹೊರಗೋಡೆಯ ನೀರು ನಿಲ್ಲಿಸಬೇಕು.

ಕೊನೆಯ ಶುಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಒಲೆಯ ಸುತ್ತಲಿನ ಜಿಡ್ಡನ್ನು ತೆಗೆದು, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ, ನಾರು ಬಿಡದ ಬಟ್ಟೆಗೆ ಇದನ್ನು ಅದ್ದಿ ಒರೆಸಿ, ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟಿನ ಕೆಲವು ಬಗೆಗಳಲ್ಲಿ ಚರ್ಮ ಒಣಗದಿರಲೆಂದು ಹರಳೆಣ್ಣೆ ಬೆರೆತಿರುತ್ತದೆ, ಅದು ಕಟ್ಟೆಯ ಮೇಲೆ ಪದರವಾಗಿ ಉಳಿಯುತ್ತದೆ. ಸಿಂಕಿನ ಸುತ್ತ ಹಳೆಯ ಸಿಲಿಕೋನ್ ಇದ್ದರೆ ಬ್ಲೇಡಿನಿಂದ ಕೆರೆದು ಒಂದು ಎಳೆಯೂ ಉಳಿಯದಂತೆ ತೆಗೆಯಬೇಕು. ಸಿಲಿಕೋನಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಅಂಟಿಸಲು ಇಬ್ಬರು ಬೇಕು. ಕಟ್ಟೆಯ ಉದ್ದಕ್ಕೆ ಹಾಳೆಯನ್ನು ಬಿಡಿಸಿ, ಮುಂದೆ ಮಡಚಲು ಬೇಕಾದಷ್ಟು ಇಳಿಬಿಟ್ಟು, ಹಿಂದಿನ ಕಾಗದವನ್ನು ಒಂದು ತುದಿಯಲ್ಲಿ ನಾಲ್ಕೈದು ಅಂಗುಲ ಮಾತ್ರ ಕಿತ್ತು ಮಡಚಿ, ಅಷ್ಟನ್ನು ಮೊದಲು ಕೂರಿಸಬೇಕು. ಆಮೇಲೆ ಒಬ್ಬರು ಕೆಳಗಿನ ಕಾಗದವನ್ನು ನಿಧಾನವಾಗಿ ಎಳೆಯುತ್ತಾ ಹೋದಂತೆ ಇನ್ನೊಬ್ಬರು ಉಣ್ಣೆಯ ಅಂಚಿರುವ ಸ್ಕ್ವೀಜಿ ಎಂಬ ಪಟ್ಟಿಯಿಂದ ನಡುವಿನಿಂದ ಎರಡೂ ಬದಿಗೆ, ಒಂದು ಗೀರಿನ ಮೇಲೆ ಇನ್ನೊಂದು ಅರ್ಧ ಬೀಳುವಂತೆ, ಒತ್ತಿ ಎಳೆಯಬೇಕು. ಹಾಳೆಯ ಕೆಳಗೆ ಸೋಪಿನ ನೀರು ಚಿಮುಕಿಸಿ ಜಾರಿಸಿ ಕೂರಿಸುವ ವಿಧಾನ ಗಾಜಿಗೆ, ಗ್ರಾನೈಟಿಗೆ ಸರಿ; ಸಿಮೆಂಟಿಗೂ ಆಕ್ಸೈಡಿಗೂ ಅದು ಬೇಡವೇ ಬೇಡ, ನೀರನ್ನು ಅವು ಕುಡಿದುಬಿಡುತ್ತವೆ. ಕೆಲವು ಹಾಳೆಗಳ ಅಂಟಿನಲ್ಲಿ ಗಾಳಿ ಹೊರಹೋಗಲು ಸಣ್ಣ ಕಾಲುವೆಗಳಿರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಜಾಲರಿಯಂತೆ ಕಾಣುತ್ತದೆ. ಮೊದಲ ಸಲ ಮಾಡುವವರಿಗೆ ಇಂಥದ್ದೇ ಒಳ್ಳೆಯದು. ಹಾಗಿದ್ದೂ ಗುಳ್ಳೆ ಉಳಿದರೆ ತೆಳ್ಳನೆಯ ಸೂಜಿಯನ್ನು ಓರೆಯಾಗಿ ಗುಳ್ಳೆಯ ಬದಿಗೆ ಚುಚ್ಚಿ, ಬೆರಳಿನಿಂದ ಗಾಳಿಯನ್ನು ತೂತಿನ ಕಡೆಗೆ ತಳ್ಳಬೇಕು.

ಸಿಂಕಿನ ಮೂಲೆಯಷ್ಟು ತಾಳ್ಮೆ ಬೇಡುವ ಜಾಗ ಇನ್ನೊಂದಿಲ್ಲ. ಸಿಂಕನ್ನು ಮೇಲಕ್ಕೆತ್ತಲು ಬರುವುದಾದರೆ ಎತ್ತಿ, ಹಾಳೆಯನ್ನು ಅದರ ಅಂಚಿನ ಕೆಳಗೆ ಸೇರಿಸುವುದೇ ಅತ್ಯುತ್ತಮ. ನಮ್ಮಲ್ಲಿ ಸಿಂಕು ಕಲ್ಲಿನ ಕೆಳಗೆ ಕೂತಿದ್ದರಿಂದ ಕಲ್ಲಿನ ಕತ್ತರಿಸಿದ ಅಂಚಿನ ಮೇಲಿಂದ ಹಾಳೆಯನ್ನು ಒಳಕ್ಕೆ ಬಗ್ಗಿಸಬೇಕಾಯಿತು. ರಂಧ್ರದ ಮೇಲೆ ಬಿಗಿಯಾಗಿ ನಿಂತ ಹಾಳೆಯ ನಡುವಿನಲ್ಲಿ ಕತ್ತರಿಸಿ, ಪ್ರತಿ ಮೂಲೆಯ ಕಡೆಗೆ ಸೀಳುತ್ತಾ ಹೋಗಿ, ಕಲ್ಲಿನ ಅಂಚಿಗೆ ಬೆರಳಿನ ಅಗಲದಷ್ಟು ದೂರದಲ್ಲೇ ಬ್ಲೇಡು ನಿಲ್ಲಿಸಿದೆ. ಸೀಳು ನೇರವಾಗಿ ಚೂಪಾಗಿ ಮುಗಿದರೆ ಎಳೆತಕ್ಕೆ ಅಲ್ಲಿಂದ ಮುಂದಕ್ಕೆ ಹರಿಯುತ್ತದೆ, ಹಾಗಾಗಿ ಸೀಳಿನ ತುದಿಯನ್ನು ಬ್ಲೇಡಿನಿಂದ ಪುಟ್ಟ ಅರ್ಧಚಂದ್ರದಂತೆ ಗುಂಡಗೆ ಮಾಡಬೇಕು. ಆಮೇಲೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಒಂದು ಗೇಣು ದೂರದಿಂದ ಆಡಿಸುತ್ತಾ ಬಂದರೆ ಹಾಳೆಯ ಹೊಳಪು ಸ್ವಲ್ಪ ಬದಲಾಗಿ ಅದು ಬಟ್ಟೆಯಂತೆ ಸಡಿಲವಾಗುವ ಒಂದು ಹದ ಬರುತ್ತದೆ. ಆ ಹದದಲ್ಲಿ ಹೆಬ್ಬೆರಳಿನಿಂದ ಮೂಲೆಯೊಳಕ್ಕೆ ಒತ್ತಿ, ತಣ್ಣಗಾಗುವವರೆಗೂ ಬೆರಳು ತೆಗೆಯದೆ ಹಿಡಿಯಬೇಕು. ಎಳೆದ ಹಾಳೆ ತನ್ನ ಮೊದಲಿನ ಅಳತೆಗೆ ಮರಳಲು ಯಾವಾಗಲೂ ನೋಡುತ್ತಿರುತ್ತದೆ. ಆದ್ದರಿಂದ ಬಗ್ಗಿಸಬೇಕೇ ಹೊರತು ಎಳೆಯಬಾರದು, ಎಳೆಯಲೇಬೇಕಾದ ಕಡೆ ಕೂರಿಸಿದ ನಂತರ ಇನ್ನೊಮ್ಮೆ ಬಿಸಿ ಕೊಟ್ಟು ಒತ್ತಬೇಕು. ಕತ್ತರಿಸುವ ಬ್ಲೇಡು ತುದಿ ಮುರಿದು ಹೊಸದು ಮಾಡಿಕೊಳ್ಳುವಂಥದ್ದಿರಲಿ. ಕಲ್ಲಿಗೆ ತಾಗಿದ ಬ್ಲೇಡು ಎರಡು ಗೀರಿಗೇ ಮೊಂಡಾಗಿ ಹಾಳೆಯನ್ನು ಕತ್ತರಿಸುವ ಬದಲು ಹರಿಯುತ್ತದೆ.

ಎಲ್-ಆಕಾರದ ಕಟ್ಟೆಯಲ್ಲಿ ಒಂದು ಜೋಡಣೆ ಅನಿವಾರ್ಯ. ಅದು ಸಿಂಕಿನಿಂದಲೂ ಒಲೆಯಿಂದಲೂ ದೂರವಿರಬೇಕು, ಮತ್ತು ಎರಡು ಹಾಳೆಗಳು ಕನಿಷ್ಠ ಕಾಲು ಅಂಗುಲ ಒಂದರ ಮೇಲೊಂದು ಬರಬೇಕು. ಹೆಂಚು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಬರುವಂತೆ ಇಡುವ ನಿಯಮವೇ ಇಲ್ಲಿಯೂ ನಡೆಯುತ್ತದೆ: ನೀರು ಯಾವ ಕಡೆಗೆ ಹರಿಯುವುದೋ ಆ ಕಡೆಯ ಹಾಳೆ ಕೆಳಗೆ, ನೀರು ಬರುವ ಕಡೆಯದು ಮೇಲೆ. ಅಂಚಿಗೆ ಅಂಚು ತಾಗಿಸಿ ಜೋಡಿಸಿದರೆ ನೋಡಲು ಚಂದ, ಆದರೆ ಕುಗ್ಗುವ ಹಾಳೆಯಲ್ಲಿ ಆ ಸಂದು ಕೂದಲಿನಷ್ಟು ತೆರೆದುಕೊಂಡೇ ತೀರುತ್ತದೆ, ನಮ್ಮ ಮಳೆಗಾಲಕ್ಕೆ ಅಷ್ಟು ಸಾಕು.

ಎಲ್ಲ ಮುಗಿದ ಮೇಲೆ ಹಿಂದಿನ ಗೋಡೆಯ ಸಂದು, ಸಿಂಕಿನ ಸುತ್ತಳತೆ, ನಲ್ಲಿಯ ಬುಡ ಇಷ್ಟಕ್ಕೂ ಸಿಲಿಕೋನ್ ಹಚ್ಚಬೇಕು. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಹಚ್ಚುವಾಗ ವಿನೆಗರಿನ ವಾಸನೆ ಬರುವ ಸಿಲಿಕೋನ್ ಆಮ್ಲ ಬಿಡುವಂಥದ್ದು, ಸುಣ್ಣದ ಅಂಶವಿರುವ ಸಿಮೆಂಟು ಮತ್ತು ಕಡಪ ಕಲ್ಲಿಗೆ ಅದು ಒಗ್ಗುವುದಿಲ್ಲ. ನ್ಯೂಟ್ರಲ್ ಎಂದು ಬರೆದಿರುವ, ಬೂಷ್ಟು ತಡೆಯುವ ಬಗೆಯದನ್ನು ಕೇಳಿ ತೆಗೆದುಕೊಳ್ಳಬೇಕು. ಸಂದಿನ ಎರಡೂ ಬದಿಗೆ ಕಾಗದದ ಟೇಪು ಹಚ್ಚಿ, ನಡುವೆ ಸಿಲಿಕೋನ್ ಎಳೆದು, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಸವರಿ, ಕೂಡಲೇ ಟೇಪು ಕಿತ್ತರೆ ಗೆರೆ ನೇರವಾಗಿ ಉಳಿಯುತ್ತದೆ. ಒಂದು ದಿನ ಸಿಂಕು ಬಳಸಬಾರದು. ಹಾಳೆಗೆ ಪೂರ್ಣ ಹಿಡಿತ ಬರಲು 72 ಗಂಟೆ ಬೇಕಾಗುವುದರಿಂದ ಆ ಮೂರು ದಿನ ಕಟ್ಟೆಯ ಮೇಲೆ ನೀರು ನಿಲ್ಲಬಾರದು, ಭಾರದ ಪಾತ್ರೆ ಎಳೆಯಬಾರದು.

ಬಿಸಿಯ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿಲ್ಲ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತನ್ನ ಗಟ್ಟಿತನ ಬಿಟ್ಟುಕೊಡುತ್ತದೆ, ಮೆದುಗೊಳಿಸಿದ ಹಾಳೆ ಅದಕ್ಕಿಂತ ಬಹಳ ಮೊದಲೇ. ಕುದಿಯುವ ಪಾತ್ರೆಯ ತಳ 100 ಡಿಗ್ರಿ, ಸೀಟಿ ಹೊಡೆದ ಕುಕ್ಕರಿನದು 120ರ ಹತ್ತಿರ, ಅಕ್ಕಿ ಒಟ್ಟಿ ಸುಡುವ ಕಾವಲಿಯದು ಅದಕ್ಕೂ ಎಷ್ಟೋ ಮೇಲೆ. ಕಡಂಬುಟ್ಟು ಬೇಯಿಸಿದ ಹಬೆ ಪಾತ್ರೆಯನ್ನು ಒಂದು ಕ್ಷಣ ಪಕ್ಕಕ್ಕೆ ಇಟ್ಟರೂ ಸಾಕು, ಹಾಳೆಯ ಮೇಲೆ ಉಂಗುರದ ಗುರುತು ಶಾಶ್ವತವಾಗಿ ಉಳಿಯುತ್ತದೆ. ಪಂದಿ ಕರಿಯಂಥದ್ದನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಹೊತ್ತುಗಟ್ಟಲೆ ಬೇಯಿಸುವ ಮನೆಗಳಲ್ಲಿ ಒಲೆಯ ಅಡಿಯ ಕಟ್ಟೆಯೂ ಕಾಯುತ್ತದೆ. ಆದ್ದರಿಂದ ಗ್ಯಾಸ್ ಒಲೆಯ ಕೆಳಗೂ ಅದರ ಸುತ್ತ ಒಂದು ಗೇಣಿನಷ್ಟು ಜಾಗಕ್ಕೂ ಹಾಳೆ ಹಾಕದೆ ಕಲ್ಲನ್ನು ಹಾಗೇ ಬಿಡುವುದೇ ಸರಿ. ನಾನು ಒಲೆಯ ಅಡಿಗೆ ಗ್ರಾನೈಟಿನ ತುಂಡೊಂದನ್ನು ಅಳತೆಗೆ ಕತ್ತರಿಸಿ ಕೂರಿಸಿ, ಅದರ ಅಂಚಿನವರೆಗೆ ಹಾಳೆ ತಂದು ಸಿಲಿಕೋನಿನಿಂದ ಮುಚ್ಚಿದ್ದೇನೆ. ಇಳಿಸಿದ ಪಾತ್ರೆಗಳಿಗೆಂದು ಹಲಸಿನ ಮರದ ದಪ್ಪ ಹಲಗೆಯೊಂದು ಪಕ್ಕದಲ್ಲೇ ಇದೆ, ಅತ್ತೆ ಅದನ್ನು ಅಲ್ಲಿಂದ ಕದಲಿಸಲು ಯಾರಿಗೂ ಬಿಡುವುದಿಲ್ಲ. ಸೌದೆ ಒಲೆ ಉರಿಯುವ ಕೋಣೆಯಲ್ಲಂತೂ ವಿನೈಲಿನ ಮಾತೇ ಬೇಡ. ಪಿವಿಸಿಗೆ ಬೆಂಕಿ ತಾಗಿದರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ.

ಬಣ್ಣ ಆರಿಸುವಾಗ ನಮ್ಮ ಅಡುಗೆಯನ್ನು ನೆನೆಯಬೇಕು. ಬಿಳಿಯ ಹಾಳೆಯ ಮೇಲೆ ಅರಿಸಿನ ಬಿದ್ದು ಅರ್ಧ ಗಂಟೆ ಉಳಿದರೆ ಬಣ್ಣ ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿಯುತ್ತದೆ, ಸೋಪು ಅದನ್ನು ತೆಗೆಯದು. ಅರಿಸಿನದ ಬಣ್ಣ ಬೆಳಕಿಗೆ ಅಳಿಯುವಂಥದ್ದಾದ್ದರಿಂದ ಕಿಟಕಿಯ ಬಿಸಿಲು ಬೀಳುವ ಕಡೆ ದಿನಗಳೆದಂತೆ ಮಾಸುತ್ತದೆ, ನೆರಳಿನಲ್ಲಿ ಮಾಸುವುದಿಲ್ಲ. ಕೊಡವರ ಕಕ್ಕಡ ತಿಂಗಳಿನ ಹದಿನೆಂಟರಂದು, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪು ಎಂಬ ಔಷಧಿ ಎಲೆ ಬೇಯಿಸಿದ ನೀರು ಚೆಲ್ಲದ ಮನೆ ಕೊಡಗಿನಲ್ಲಿ ಇರಲಾರದು. ಆ ಗಾಢ ನೇರಳೆ ಬಣ್ಣವನ್ನೂ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿರಸದ ಹನಿಯನ್ನೂ ಕಾಫಿ ಡಿಕಾಕ್ಷನ್ನನ್ನೂ ಹಾಳೆಯ ಒಂದು ತುಂಡಿನ ಮೇಲೆ ಸುರಿದು, ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಿ ನೋಡಿಯೇ ನಾನು ಬಣ್ಣ ಆರಿಸಿದ್ದು. ಕಾಚಂಪುಳಿಯ ಹುಳಿಗೆ ವಿನೈಲ್ ಅಂಜುವುದಿಲ್ಲ, ಆ ಮಟ್ಟಿಗೆ ಅದು ಕಡಪ ಕಲ್ಲಿಗಿಂತ ಮೇಲು. ಬೂದು ಬಣ್ಣದ ಮೇಲೆ ಕಪ್ಪು, ಕಂದು ಚುಕ್ಕೆಗಳಿರುವ, ಹೊಳಪಿಲ್ಲದ ಹಾಳೆ ಕಲೆಯನ್ನೂ ಗೀರನ್ನೂ ಬಹಳ ಮಟ್ಟಿಗೆ ಮರೆಸುತ್ತದೆ. ಚಾಕು ಆಡಿಸಲು ಮಣೆ ಇರಲೇಬೇಕು. ಹಿಟ್ಟನ್ನಾಗಲಿ ಒಟ್ಟಿಯನ್ನಾಗಲಿ ನೇರವಾಗಿ ಹಾಳೆಯ ಮೇಲೆ ತಟ್ಟುವುದು, ನಾದುವುದು ಬೇಡ. ಆಹಾರ ಮುಟ್ಟಲೆಂದು ಮಾಡಿದ ವಸ್ತು ಅದಲ್ಲ, ಬಾಳೆ ಎಲೆ ನಮ್ಮಲ್ಲಿ ಇದ್ದೇ ಇದೆ.

ಬಚ್ಚಲಿನ ಕೈತೊಳೆಯುವ ಬೇಸಿನ್ನಿನ ಕಟ್ಟೆಗೂ ಇದೇ ಕ್ರಮ. ಅಲ್ಲಿ ಬಿಸಿ ಪಾತ್ರೆಯ ಕಾಟವಿಲ್ಲ, ಬದಲಿಗೆ ಆವಿಯ ಕಾಟವಿದೆ. ಗಾಳಿ ಹೊರಹಾಕುವ ಫ್ಯಾನು ಅಥವಾ ತೆರೆದಿಡಬಹುದಾದ ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅಂಚುಗಳು ಬೇಗ ಏಳುತ್ತವೆ. ಹಂಡೆ ಒಲೆಯ ಬಚ್ಚಲಿಗೆ ಹಾಳೆ ಬೇಡ.

ಮೇ ತಿಂಗಳಲ್ಲಿ ಮುಂಗಾರಿಗೆ ಮುನ್ನ ಒಮ್ಮೆ ಬೆರಳಿನ ತುದಿಯಿಂದ ಎಲ್ಲ ಅಂಚುಗಳನ್ನೂ ತಡವಿ ನೋಡಬೇಕು. ಎದ್ದ ಕಡೆ ಇದ್ದರೆ ಅಲ್ಲಿಗೆ ಬಿಸಿಗಾಳಿ ಕೊಟ್ಟು ಒಣಗಿಸಿ, ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಒತ್ತಿ, ಸಿಲಿಕೋನ್ ಹಚ್ಚಬೇಕು. ಕೊಳೆ ಸೇರಿ ಅಂಟು ಸತ್ತಿದ್ದರೆ ಅಷ್ಟು ಭಾಗ ಕತ್ತರಿಸಿ ತೇಪೆ ಹಾಕುವುದೇ ಮೇಲು, ಅದಕ್ಕಾಗಿ ಉಳಿದ ಹಾಳೆಯನ್ನು ಸುರುಳಿ ಸುತ್ತಿ ಒಣ ಜಾಗದಲ್ಲಿ ಇಟ್ಟಿರಬೇಕು. ಮಳೆಗಾಲದಲ್ಲಿ ಒದ್ದೆ ಸ್ಪಂಜು, ರಬ್ಬರ್ ಮ್ಯಾಟುಗಳನ್ನು ಹಾಳೆಯ ಮೇಲೆ ಬಿಡಬಾರದು. ಹಾಳೆಯೊಳಗಿನ ಪ್ಲಾಸ್ಟಿಸೈಜರ್ ಮತ್ತು ರಬ್ಬರಿನ ರಾಸಾಯನಿಕಗಳು ಒಂದರೊಳಕ್ಕೊಂದು ಇಳಿದು ಹಳದಿ ಕಲೆ ಬೀಳುತ್ತದೆ.

ಕೊನೆಗೊಂದು ದಿನ ಹಾಳೆಯನ್ನು ಕೀಳಬೇಕಾದಾಗ ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ನೇರವಾಗಿ ಮೇಲಕ್ಕೆತ್ತದೆ ಕಟ್ಟೆಗೆ ಆದಷ್ಟು ಒರಗಿಸಿದಂತೆ ನಿಧಾನವಾಗಿ ಹಿಂದಕ್ಕೆ ಎಳೆದರೆ ಅಂಟು ಹಾಳೆಯ ಜೊತೆಗೇ ಬರುತ್ತದೆ. ಉಳಿದ ಅಂಟನ್ನು ನೀಲಗಿರಿ ಎಣ್ಣೆ ಮೆತ್ತಗೆ ಮಾಡುತ್ತದೆ. ಹೊಸ ಹಾಳೆ ಹಾಕುವವರು ಆ ಎಣ್ಣೆಯನ್ನು ಸೋಪಿನಿಂದಲೂ ಆಲ್ಕೋಹಾಲಿನಿಂದಲೂ ಪೂರ್ತಿ ತೆಗೆಯಬೇಕು. ಕಿತ್ತ ಹಾಳೆಯನ್ನು ತೋಟದ ಮೂಲೆಯಲ್ಲಿ ಎಸೆಯುವುದಾಗಲಿ ಹಂಡೆ ಒಲೆಗೆ ತುರುಕುವುದಾಗಲಿ ಸಲ್ಲದು. ಅದನ್ನು ಮಡಚಿ ಕಟ್ಟಿ, ಪಂಚಾಯಿತಿಯ ಒಣಕಸದ ಗಾಡಿ ಬಂದಾಗ ಬೇರೆಯಾಗಿ ಕೊಡಬೇಕು.